ಭಂಗಿಸೊಪ್ಪಿನ ಹದ

ಗೋಕಾಕ ಫಾಲ್ಸ್,
೨೦ ನವೆಂಬರ್ ೧೯೩೪

ತೀರ್ಥರೂಪ ಸಮಾನರಾದ ಮಾವನವರಿಗೆ ಶರಣಾರ್ಥಿ.

ಅಪ್ಪನ ಮೊಣಕಾಲು ನೋವಿಗೆಂದು ಹಿತ್ತಲಲ್ಲಿ ಬೆಳೆದು ಒಣಗಿಸಿಟ್ಟ ಭಂಗಿಸೊಪ್ಪು ಎರಡನೆಯ ಗಡಿಗೆಯಲ್ಲೂ ಬೂಷ್ಟು ಹಿಡಿಯಿತು. ನಿದ್ರಾಭಂಗ ಅವರಿಗೆ, ಮಾನಭಂಗ ನನಗೆ. ಧಬಧಬೆಯ ತುಂತುರು ಇಲ್ಲಿ ಗೋಡೆಯನ್ನೂ ಒಣಗಗೊಡುವುದಿಲ್ಲ.

ನಿಮ್ಮ ಮಗಳು ಕಾಶೆವ್ವ ಎಲೆ ಮುರಿದು ನೋಡಿ, "ಹದಾ ಬಂದೈತ್ರಿ, ತುಂಬೂಣು. ಆದರ ದಿನಾ ಒಮ್ಮೆ ಗಡಿಗಿ ಬಾಯಿ ತಗದು ಗಾಳಿ ಕೊಡಬೇಕು" ಅಂದಿದ್ದಳು. "ಹದಾ ಅಂದ್ರ ಎಷ್ಟು ಡಿಗ್ರಿ? ಅಕ್ಷರ ಬಾರದಾಕಿಗೆ ಏನ್ ತಿಳೀತೈತಿ" ಎಂದು ನಕ್ಕೆ. "ಕಾಲೇಜಿನ ಡಿಗ್ರಿ ನಿಮ್ಮ ಕಡೆ ಐತೆಲ್ರಿ, ಅದನ್ನ ಗಡಿಗ್ಯಾಗ ಇಟ್ಟು ನೋಡ್ರಿ" ಎಂದವಳೇ ತವರಿಗೆಂದು ಹುಕ್ಕೇರಿಯ ಗಾಡಿ ಹತ್ತಿದಳು.

ನಾನು ಗಾಳಿಯಾಡದಂತೆ ಎರಡೂ ಗಡಿಗೆಯ ಬಾಯಿಗೆ ಮಣ್ಣು ಮೆತ್ತಿದೆ. ಈಗ ನಾನು ಏನು ಹೇಳಿದರೂ ಅಪ್ಪನದು ಒಂದೇ ಉತ್ತರ: "ಸೊಪ್ಪ ಕೆಡಿಸಿದಿ, ಇನ್ನ ನಿನ್ನ ಮಾತಿಗೆ ಹಾಕಾಕ ಸೊಪ್ಪ ಎಲ್ಲೈತಿ?"

ಕೊನೆಯ ನಾಲ್ಕು ಗಿಡ ನೆರಳಲ್ಲಿ ತೂಗುತ್ತಿವೆ. ಅವುಗಳ ಹದ ನನಗೆ ತಿಳಿಯದು. ಸೋಮವಾರ ಬರುತ್ತೇನೆ, ಕಾಶೆವ್ವನನ್ನು ಕಳಿಸಿಕೊಡಬೇಕು. ತೆರೆಯಬೇಕಾದ ಗಡಿಗೆಯ ಬಾಯಿ ಮುಚ್ಚಿದೆ, ಮುಚ್ಚಬೇಕಾದ ನನ್ನ ಬಾಯಿ ತೆರೆದೆ. ಇದನ್ನು ಆಕೆಗೆ ಓದಿ ಹೇಳಿರಿ.

ಇಂತಿ, ಡಿಗ್ರಿ ಬಿಟ್ಟ ನಿಮ್ಮ ಅಳಿಯ,
ಗುರುಸಿದ್ದಪ್ಪ