ನಂದಿಬಟ್ಟಲ ತಪ್ಪಲ್ಲಮ್ಮಾ

ಅಮ್ಮಾ,

ಹಿತ್ತಲ ನಂದಿಬಟ್ಟಲ ಗಿಡವನ್ನು ನೀನು ಬುಡಸಮೇತ ಕಿತ್ತೆಸೆದ ದಿನ ಇನ್ನೂ ನೆನಪಿದೆ. ನನ್ನ ಎರಡು ಕಣ್ಣಿಗೂ ಮಬ್ಬು ಕವಿದು, ಊರವರು ‘ಹೂ ಬಿದ್ದಿದೆ’ ಅನ್ನತೊಡಗಿದ್ದರು. ಚಿಕ್ಕಂದಿನಲ್ಲಿ ಕಣ್ಣುರಿ ಅಂದಾಗಲೆಲ್ಲ ನೀನು ಹಿಂಡುತ್ತಿದ್ದ ಆ ಹೂವಿನ ರಸವೇ ಒಳಗೆ ಹೂವಾಗಿ ಕೂತಿತು ಅಂತ ಅಜ್ಜಿ ಆಡಿಬಿಟ್ಟಳು. ‘ನನ್ನ ಕೈಯಾರೆ ನಿನ್ನ ಕಣ್ಣು ಕಳೆದೆ ಕಣೇ’ ಅಂತ ಸಾಯುವವರೆಗೂ ನೀನು ಕೊರಗಿದೆ. ಅಜ್ಜಿಯ ಬಾಯಿ ಮುಚ್ಚಿಸುವವರು ಮನೆಯಲ್ಲಿ ಒಬ್ಬರೂ ಇರಲಿಲ್ಲವೇ?

ನೀನು ಹೋದ ಮರುವರ್ಷ ಬೆಂಗಳೂರಿನಲ್ಲಿ ನನ್ನ ಒಂದು ಕಣ್ಣಿಗೆ ಆಪರೇಷನ್ ಆಯಿತು. ಯಾರೋ ಸತ್ತವರ ಕಣ್ಣಿನ ಮುಂದಿನ ತಿಳಿಪದರವನ್ನು ತೆಗೆದು ನನ್ನ ಕಣ್ಣಿಗೆ ಹೊಲಿದರು. ಪಟ್ಟಿ ಬಿಚ್ಚಿದಾಗ ಮೊದಲು ಕಂಡಿದ್ದು ನನ್ನ ಮಗಳು ಸರೋಜಳ ಮುಖ. ಥೇಟ್ ನಿನ್ನ ಹಾಗೇ ಇದ್ದಾಳೆ.

ಕತ್ತರಿಸಿ ತೆಗೆದ ನನ್ನ ಮಬ್ಬು ಚೂರನ್ನು ಅವರು ಎಸೆಯಲಿಲ್ಲ. ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ರಸ ಸುಟ್ಟಿದ್ದರೆ ಇರಬೇಕಾದ ಗಾಯದ ಕಲೆಯೇ ಇರಲಿಲ್ಲವಂತೆ. ಪದರಗಳ ನಡುವೆ ಗಂಜಿಯಂಥದ್ದೇನೋ ತುಂಬಿಕೊಂಡಿತ್ತಂತೆ.

‘ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರಾ?’ ಅಂತ ಡಾಕ್ಟರು ಕೇಳಿದರು.

‘ಹೂಂ ಸಾರ್. ನಮ್ಮಮ್ಮನ್ನ ಸೋದರಮಾವನಿಗೇ ಕೊಟ್ಟಿದ್ದು,’ ಅಂದು, ನಂದಿಬಟ್ಟಲ ರಸದ ಕಥೆಯನ್ನೂ ಹೇಳಿದೆ.

‘ಇದು ಯಾವ ರಸದಿಂದಲೂ ಬಂದಿದ್ದಲ್ಲಮ್ಮ. ಎರಡೂ ಕಡೆಯಿಂದ ರಕ್ತದಲ್ಲೇ ಬಂದಿದೆ. ಮಕ್ಕಳಿಗೆ ಹೊರಗಿನ ಸಂಬಂಧ ನೋಡಿ.’

ನಿನ್ನ ತಪ್ಪಲ್ಲ ಅಂತ ತಿಳಿದು ಅಲ್ಲೇ ಅತ್ತುಬಿಟ್ಟೆ. ಆಮೇಲೆ ಸರೋಜಳ ಮದುವೆಯ ಮಾತು ನೆನಪಾಯಿತು. ತಮ್ಮ ಮುನಿರಾಜನ ಕಣ್ಣೂ ಮಬ್ಬಾಗುತ್ತಿದೆ, ಹೊರಗಿನವರು ಹೆಣ್ಣು ಕೊಡುವುದಿಲ್ಲ, ಸರೋಜಳನ್ನು ಅವನಿಗೇ ಕೊಡು ಅಂತ ಕೊನೆಗಾಲದಲ್ಲಿ ನನ್ನಿಂದ ಭಾಷೆ ತೆಗೆದುಕೊಂಡಿದ್ದೆಯಲ್ಲ...

ಮೊನ್ನೆ ಶಿಡ್ಲಘಟ್ಟದ ತವರುಮನೆಗೆ ಹೋಗಿ ಅವನಿಗೆ ಎಲ್ಲ ಹೇಳಿದೆ. ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವನು ಕತ್ತಿ ಕೆಳಗಿಟ್ಟ.

‘ನಿನ್ನನ್ನೂ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ ಕಣೋ, ಕಣ್ಣು ಬರುತ್ತೆ,’ ಅಂದೆ.

‘ನೀನೇ ಕೊಡಲ್ಲ ಅಂದ್ಮೇಲೆ ಹೂಗಣ್ಣಿನವನಿಗೆ ಇನ್ಯಾರಕ್ಕಾ ಹೆಣ್ಣು ಕೊಡ್ತಾರೆ?’ ಅಂದ.

ಅವನ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು ಅಮ್ಮಾ. ಕಣ್ಣು ಬಾರದೆಯೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಿನಗೆ ಕೊಟ್ಟ ಭಾಷೆ ಮುರಿದಿದ್ದೇನೆ. ಶಾಪ ಹಾಕುವುದಾದರೆ ನನಗೆ ಹಾಕು, ಸರೋಜಳ ತಂಟೆಗೆ ಬರಬೇಡ. ನೀನು ಕಿತ್ತ ಜಾಗದಲ್ಲೇ ಒಂದು ನಂದಿಬಟ್ಟಲ ಕಡ್ಡಿ ನೆಟ್ಟು ಬಂದಿದ್ದೇನೆ. ಮುನಿರಾಜ ಅದಕ್ಕೆ ನೀರು ಹಾಕುತ್ತಾನೋ, ಇಲ್ಲ ನಿನ್ನ ಹಾಗೇ ಕಿತ್ತೆಸೆಯುತ್ತಾನೋ...