ತಿರುಮಲನ ವೇಷ

೩ ಆಗಸ್ಟ್ ೨೦೦೯, ಸೋಮವಾರ. ಆಫೀಸು, ಮಧ್ಯಾಹ್ನ

ಬೋರಮ್ಮ ಮುಗಿದಳು. ಆಮೇಲೆ ಭೀಮಾಬಾಯಿ. ಐಡಿ ಹೊಡೆದು, ಪಾಸ್‌ವರ್ಡ್ ಹೊಡೆದು, ಒಂದು ಕ್ಷಣ ಕಣ್ಣು ಮುಚ್ಚಿ ಕೂತೆ. ವೇಷ ಮೈಗೆ ಹತ್ತಬೇಕಲ್ಲ. ಮುದುಕಿ, ಮಂಡಿನೋವು, ದೇವರ ಹುಚ್ಚು. ಪಂಢರಪುರದ ರೈಲು ಹುಡುಕಿದೆ, ನೋವಿನ ಎಣ್ಣೆ ಹುಡುಕಿದೆ. ಲಾಗ್ ಔಟ್. ಪರದೆ ಬಿತ್ತು.

ತಮಿಳುನಾಡಿನ ಈ ಅಂಬತ್ತೂರಿನಲ್ಲಿ ಇಂಥ ರಂಗಮಂದಿರ ಇನ್ನೊಂದಿಲ್ಲ. ಬಡವರ ಬಡಾವಣೆಗೆ ಬ್ರಾಡ್‌ಬ್ಯಾಂಡ್ ಕೊಟ್ಟರೆ ಸರ್ಕಾರ ನಮ್ಮ ಕಂಪನಿಗೆ ಸಬ್ಸಿಡಿ ಕೊಡುತ್ತದೆ. ಷರತ್ತು ಒಂದೇ — ಲೈನು ವರ್ಷಪೂರ್ತಿ ಬದುಕಿರಬೇಕು, ತಿಂಗಳು ತಿಂಗಳೂ ಬಳಕೆ ಕಾಣಬೇಕು. ಬಿಲ್ ಕಟ್ಟದವರ ಮನೆಯ ಲೈನನ್ನು ಕಂಪನಿ ಕತ್ತರಿಸುತ್ತದೆ. ಸರ್ಕಾರಕ್ಕೆ ಮಾತ್ರ ಹೇಳುವುದಿಲ್ಲ. ಅವರವರ ಐಡಿಯಲ್ಲಿ ಆಫೀಸಿನಿಂದಲೇ ನಾನು ಲಾಗಿನ್ ಆಗುತ್ತೇನೆ. ಮನೆಯಲ್ಲಿ ಸತ್ತ ಲೈನು ಕಂಪ್ಯೂಟರಿನಲ್ಲಿ ಉಸಿರಾಡುತ್ತದೆ. ಆ ಉಸಿರು ನನ್ನದು.

ಮ್ಯಾನೇಜರ್ ಮಧ್ವರಾಜರು ಹಿಂದೆ ನಿಂತು ನೋಡಿದರು.

"ಲಾಗಿನ್ ಮಾಡಿ ಐದು ನಿಮಿಷ ಬಿಟ್ಟರೆ ಪೋದುಂ, ಸಾಕು ರೀ, ಗುರುಬಸಪ್ಪ. ಎದುಕ್ಕು ಈ ನಾಟಕ ಎಲ್ಲಾ?"

"ವೇಷ ಹಾಕ್ಕೊಂಡು ಮಾತಾಡದ ನಿಂತ್ರ ನಮ್ಮಪ್ಪ ಮ್ಯಾಲಿಂದ ಉಗುಳ್ತಾನ್ರೀ ಸರ."

ನಕ್ಕು ಹೋದರು. ಅಪ್ಪ ಗದಗಿನ ನಾಟಕ ಕಂಪನಿಯಲ್ಲಿ ಖಳನಾಯಕ. ಅವನು ಬಾಯಿ ತೆರೆದರೆ ಕೊನೆಯ ಸಾಲಿನ ಮಕ್ಕಳು ಅಳುತ್ತಿದ್ದರು. ನನ್ನ ತೊಟ್ಟಿಲು ಕಟ್ಟಿದ್ದು ಪರದೆಯ ಹಿಂದೆ.

ಕೊನೆಗೆ ತಿರುಮಲ. ಲೇತ್ ಕೆಲಸದವನು. ಅರ್ಜಿಯ ಜೆರಾಕ್ಸಿನಲ್ಲಿ ಅವನ ಮುಖ ನೋಡಿ ರೋಮಾಂಚನ — ಕಪ್ಪು ಮೋರೆ, ಗದೆಯಂಥ ಮೀಸೆ. ಹೆಂಡತಿಯ ಹಾಲಿನ ಲೋಟಕ್ಕೆ ವಿಷ ಬೆರೆಸುವ ಪಾತ್ರ. ಬೆರಳೇ ತಾನಾಗಿ ಓಡಿತು. ಡಾಕ್ಟರಿಗೆ ತಿಳಿಯದ ವಿಷ ಯಾವುದು, ಎಷ್ಟು ದಿನಕ್ಕೆ ಸಾಯುತ್ತಾರೆ... ಇಡೀ ಅಂಕ ಒಬ್ಬನೇ ಆಡಿದೆ. ಅಪ್ಪನ ಖಳರೆಲ್ಲ ನೆನಪಾದರು.

೨೮ ಆಗಸ್ಟ್, ಶುಕ್ರವಾರ. ಸಂಜೆ

ಬರೆದರೆ ಎದೆ ಹಗುರಾದೀತೆಂದು ಕೂತಿದ್ದೇನೆ.

ಪೊಲೀಸ್ ಸ್ಟೇಷನ್ನಿನಿಂದ ಫೋನು. ಮಧ್ವರಾಜರು ಸ್ಪೀಕರಿನಲ್ಲಿ ಹಾಕಿದ್ದರು. ತಿರುಮಲ ಎಂಬ ಗಿರಾಕಿಯ ಹೆಂಡತಿ ವಾಂತಿ ಮಾಡಿ ಮಾಡಿ ಸತ್ತಿದ್ದಾಳೆ. ಗಂಡನೇ ಏನೋ ಕೊಟ್ಟು ಕೊಂದ ಎಂದು ಅವಳ ಅಣ್ಣ ದೂರು ಕೊಟ್ಟಿದ್ದಾನೆ. ಮನೆಯಲ್ಲಿ ಕಂಪ್ಯೂಟರ್ ಇದೆ, ನಿಮ್ಮ ಮೋಡೆಮ್ ಇದೆ. ಆದರೆ ನೆಟ್ ಕಟ್ ಆಗಿ ಎಷ್ಟೋ ಕಾಲವಾಯಿತು ಅನ್ನುತ್ತಾನೆ ಆ ಗಂಡ — ನಿಜವೋ?

ಮಧ್ವರಾಜರು ಫೋನಿನ ಕಡೆ ಬಗ್ಗಿದರು. "ಇಲ್ಲೆ ಸಾರ್. ರೆಕಾರ್ಡ್ ಪ್ರಕಾರಂ ಲೈನ್ ಲೈವ್. ಆಗಸ್ಟ್‌ನಲ್ಲೂ ಯೂಸ್ ಮಾಡಿದ್ದಾರೆ."

ಹಾಗಾದರೆ ಏನೇನು ನೋಡಿದ್ದಾನೋ ಪ್ರಿಂಟ್ ಕೊಡಿ, ಲೆಟರ್ ಕಳಿಸುತ್ತೇವೆ. ಫೋನ್ ಇಟ್ಟರು.

ಮಧ್ವರಾಜರು ನನ್ನ ಕಡೆ ತಿರುಗಿದರು. "ಆ ಐಡಿಯಲ್ಲಿ ಏನು ನೋಡಿದಿರಿ? ಕ್ರಿಕೆಟ್ ತಾನೆ?"

"ಹೂಂ ಸರ. ಕ್ರಿಕೆಟ್."

ಆ ದನಿ ಯಾರದೋ. ಬೋರಮ್ಮನದಿರಬೇಕು.

೨೯ ಆಗಸ್ಟ್, ಶನಿವಾರ. ಮನೆ

ಹೆಂಡತಿ ಸುಮಿತ್ರಾ ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಯಾಕ್ರೀ, ರೊಟ್ಟಿ ಮುರದು ಮುರದು ಇಟ್ಟು ಏಳಾಕತ್ತೀರಿ? ಬಾಜೂ ಮನಿಯಾಕಿ ಕೇಳಿದ್ಲು, ನಿಮ್ಮ ಯಜಮಾನ್ರು ಊರಿಗೆ ಹೋಗ್ಯಾರೇನಂತ. ದನೀನ ಕೇಳವಲ್ದಂತ."

ಮಗಳು ಶಿಲ್ಪಶ್ರೀ ಟಿವಿಯಿಂದ ಕಣ್ಣು ತೆಗೆಯದೆ, "ನಲ್ಲದುಮ್ಮಾ, ಪಡಿಕ್ಕಲಾಂ" ಅಂದಳು. ಒಳ್ಳೆಯದೇ ಆಯಿತು, ಓದಿಕೊಳ್ಳಬಹುದು. ತಾಯಿ ಮಗಳು ನಕ್ಕರು. ನಾನೂ ನಕ್ಕೆ. ನಗುವಾಗ ಬಾಗಿಲು ತಟ್ಟಿದ ಸದ್ದು. ಹಾಲಿನವನು. ಕೈಯಲ್ಲಿದ್ದ ನೀರಿನ ಲೋಟ ಬಿತ್ತು.

ಹೇಳಲಿಲ್ಲ. ಏನೆಂದು ಹೇಳಲಿ — ಒಬ್ಬ ಗಂಡಸಿನ ಕೊರಳಿಗೆ ನಾನು ಡೈಲಾಗು ಸುತ್ತಿದ್ದೇನೆ ಅಂತಲೋ?

೩೧ ಆಗಸ್ಟ್

ಪೇಪರಿನ ಒಳಪುಟದಲ್ಲಿ ಸಣ್ಣ ಸುದ್ದಿ. ಗಂಡ ಅರೆಸ್ಟ್.

೨ ಸೆಪ್ಟೆಂಬರ್, ಬುಧವಾರ

ಮಧ್ವರಾಜರ ಕ್ಯಾಬಿನ್. ಬಾಗಿಲು ಚಿಲಕ ಹಾಕಿದರು. ಮೇಜಿನ ಮೇಲೆ ಪೊಲೀಸರ ಲೆಟರ್, ಮಾನಿಟರಿನಲ್ಲಿ ತಿರುಮಲನ ಐಡಿ. ಯಾವ ಐಡಿ ಏನು ಹುಡುಕಿತು ಅನ್ನುವುದೆಲ್ಲ ಸರ್ವರಿನಲ್ಲಿ ಉಳಿದಿರುತ್ತದೆ.

"ಇದು ಕ್ರಿಕೆಟ್ಟಾ?"

ನಿಂತೇ ಇದ್ದೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಅಯ್ಯೋ ಕಡವುಳೇ... ಗುರುಬಸಪ್ಪ, ವಿಷ ಯಾಕೆ ರೀ ಹುಡುಕಿದಿರಿ? ಪುಳಿಯೋಗರೆ ಹುಡುಕಬಾರದಿತ್ತಾ?"

"ಮೀಸಿ ಇತ್ತು ಸರ."

"ಏನು?"

"ಫೋಟೋದಾಗ. ಮೀಸಿ."

ಮಧ್ವರಾಜರು ಪರದೆಯ ಬಲತುದಿ ತೋರಿಸಿದರು. ಲಾಗಿನ್ ಯಾವ ಲೈನಿನಿಂದ ಆಯಿತು ಅನ್ನುವ ಕಾಲಂ. ಅದರಲ್ಲಿ ತಿರುಮಲನ ಮನೆಯಿಲ್ಲ. ನಮ್ಮ ಆಫೀಸಿನ ಲೈನ್ ನಂಬರ್ ಇದೆ.

"ಈ ಕಾಲಂ ತೆಗೆದು ಪ್ರಿಂಟ್ ಮಾಡಿ. ನಾಳೆ ನೀವೇ ಹೋಗಿ ಕೊಡಿ. ಕೇಳಿದರೆ ಅಷ್ಟೇ ಇರೋದು ಅನ್ನಿ."

"ಸರ, ಆ ಮನುಷ್ಯಾ..."

"ತಪ್ಪು ಮಾಡಿಲ್ಲ ಅಂದರೆ ಕೋರ್ಟ್ ಬಿಡತ್ತೆ. ನಮ್ಮನ್ನ ಯಾರು ಬಿಡ್ತಾರೆ? ಸಬ್ಸಿಡಿ ಮೋಸ ಅಂದರೆ ಜೈಲು ರೀ. ನಾನು ಒಬ್ಬನೇ ಹೋಗಲ್ಲ. ಕೀಬೋರ್ಡ್ ಮೇಲೆ ಇದ್ದ ಕೈ ಯಾರದು?" ದನಿ ತಗ್ಗಿಸಿದರು. "ಮಗಳು ಪ್ಲಸ್ ಟೂ ಅಲ್ಲವಾ?"

ಅಪ್ಪ ರಂಗದ ಮೇಲೆ ಕಿರುಚಿ ಹೆದರಿಸುತ್ತಿದ್ದ. ಇವರು ಮೆಲ್ಲಗೆ, ನನ್ನ ಮಗಳ ಓದು ವಿಚಾರಿಸಿ ಹೆದರಿಸಿದರು.

ಪ್ರಿಂಟ್ ತೆಗೆದೆ. ಕಾಲಂ ಇಲ್ಲದ್ದು. ಆಮೇಲೆ ಅವರು ಕಾಫಿಗೆ ಇಳಿದಾಗ, ಯಾಕೋ ಗೊತ್ತಿಲ್ಲ... ಕಾಲಂ ಇರುವುದನ್ನೂ ತೆಗೆದೆ. ಎರಡೂ ಬ್ಯಾಗಿನಲ್ಲಿವೆ.

೩ ಸೆಪ್ಟೆಂಬರ್, ಗುರುವಾರ. ಸ್ಟೇಷನ್, ಹೊರಗಿನ ಬೆಂಚು

ದಿನಚರಿ ಮನೆಯಲ್ಲಿದೆ. ಬ್ಯಾಗಿನಲ್ಲಿ ಕೈಗೆ ಸಿಕ್ಕ ಹಾಳೆಯ ಬೆನ್ನಿಗೆ ಬರೆಯುತ್ತಿದ್ದೇನೆ. ಬರೆಯುತ್ತಾ ಕೂತರೆ ಎದ್ದು ಓಡುವುದಿಲ್ಲ. ಇನ್ಸ್‌ಪೆಕ್ಟರ್ ಫೋನಿನಲ್ಲಿದ್ದಾರೆ, ಕಾಯಬೇಕಂತೆ.

ಎದುರು ಗೋಡೆಗೆ ಒರಗಿ ಒಬ್ಬ ಕೂತಿದ್ದಾನೆ, ಪಕ್ಕದಲ್ಲಿ ಕಾವಲಿಗೆ ಕಾನ್‌ಸ್ಟೇಬಲ್. ಸಣ್ಣ ಆಳು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದಾನೆ. ಯಾವನೋ ಜೇಬುಗಳ್ಳ ಅಂದುಕೊಂಡೆ. ನಾನು ಕಾನ್‌ಸ್ಟೇಬಲ್‌ಗೆ ಕಂಪನಿಯ ಹೆಸರು ಹೇಳಿದ್ದೇ ತಡ, ಅವನು ತಲೆಯೆತ್ತಿದ. ಹೊಸೂರು ಕಡೆಯ ಕನ್ನಡ.

"ನೆಟ್ ಕಂಪನಿ ಸಾರಾ? ನಾನು ತಿರುಮಲ ಸಾರ್. ಬಿಲ್ಲು ಕಟ್ಟಲಿಲ್ಲ, ಒಪ್ಕೋತೀನಿ. ಎಲ್ಲ ಆಸ್ಪತ್ರೆಗೆ ಹೋಯ್ತು. ಆದ್ರೆ ಬೇಸಿಗೇಲೇ ನೀವು ಕಟ್ ಮಾಡಿದ್ರಲ್ಲ? ಅವಳು ಮನೇಲಿ ಟೈಪಿಂಗ್ ಮಾಡ್ತಾ ಇದ್ಲು. ಕಟ್ ಆದ ದಿನ ನನ್ನ ಹತ್ರ ಎಷ್ಟು ಜಗಳ ಆಡಿದ್ಲು ಗೊತ್ತಾ... ನೀವೊಂದು ಮಾತು ಹೇಳಿ ಸಾರ್. ನಂದು ಇವರು ನಂಬ್ತಾ ಇಲ್ಲ."

ಅವನಿಗೆ ಮೀಸೆಯಿಲ್ಲ. ಬೋಳು ಮೇಲ್ದುಟಿ. ನಾನು ಕಂಡದ್ದು ಜೆರಾಕ್ಸಿನ ಮಸಿ.

ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದಾನೆ, ಗೊತ್ತಾಗುತ್ತಿದೆ. ನನ್ನ ಬಿಳಿ ಅಂಗಿ, ಕಂಪನಿಯ ಬ್ಯಾಡ್ಜು ನೋಡಿ, ‘ಇವನು ಬಂದ, ಇನ್ನು ಬಿಡಿಸುತ್ತಾನೆ’ ಅಂದುಕೊಂಡಿರಬೇಕು.

ಎದ್ದು ಹೊರಗೆ ನಡೆದರೆ ಬಸ್ ಸ್ಟಾಪ್. ಬಸ್ಸೂ ನಿಂತಿದೆ.

ಈಗ ಹಾಳೆ ತಿರುಗಿಸಿ ನೋಡಿದೆ. ಕಾಲಂ ಇಲ್ಲದ ಪ್ರಿಂಟು. ಅದರ ಬೆನ್ನಿನ ತುಂಬ ಇಷ್ಟೂ ಹೊತ್ತು ನನ್ನ ಅಕ್ಷರ. ಇದನ್ನಿನ್ನು ಯಾರಿಗೂ ಕೊಡಲಾಗದು. ಬ್ಯಾಗಿನಲ್ಲಿ ಉಳಿದದ್ದು ಕಾಲಂ ಇರುವ ಇನ್ನೊಂದೇ.

ಸುಮಿತ್ರಾ ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿದ್ದಾಳೆ. ಮನೆಗೆ ಯಾವಾಗ ಹೋಗುತ್ತೇನೋ...

"ನೆಟ್ ಕಂಪನಿ, ಉಳ್ಳೆ ವಾಂಗ." ಒಳಗೆ ಕರೆಯುತ್ತಿದ್ದಾರೆ. ಮೊದಲ ಮಾತು ಸಿದ್ಧ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ದನಿ ಹೊರಡುವುದಿಲ್ಲ. "ಸರ, ಆ ಕಂಪ್ಯೂಟರಿನ ತಿರುಮಲ ನಾನೇ" — ಬೇಡ, ಅದು ನಾಟಕದ ಮಾತಾಯಿತು. ನೇರವಾಗಿ. ಸರ, ನನ್ನ ಹೆಸರು ಗುರುಬಸಪ್ಪ. ಆಗಸ್ಟ್ ಮೂರನೇ ತಾರೀಕು ಆಫೀಸಿನಲ್ಲಿ ನಾನು