ನಿಮ್ಮ ಗೋಡೆಯ ಮೇಲೆ ಕೈ ಎತ್ತಿ ನಿಂತವಳು

ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನೀವು ನನಗೆ ಮೋಸ ಮಾಡಿದ್ದೀರಿ. ಇದನ್ನು ಸುತ್ತಿ ಬಳಸಿ ಹೇಳುವಷ್ಟು ಸೌಜನ್ಯ ನನ್ನಲ್ಲಿ ಉಳಿದಿಲ್ಲ. ನನ್ನ ತಮ್ಮ ಬಸವಪ್ರಸಾದ ಇಂದು ಹಿಂಡಲಗಾ ಜೈಲಿನಲ್ಲಿದ್ದಾನೆ. ಅವನ ಪರವಾಗಿ ಮಾತಾಡಲು ಒಬ್ಬ ವಕೀಲರೂ ಇಲ್ಲ. ಕಾರಣ, ನಾನು ನಿಮ್ಮ ಮಾತು ನಂಬಿದೆ.

ನಿಮಗೆ ಮರೆತುಹೋಗಿರಬಹುದು, ನೆನಪಿಸುತ್ತೇನೆ. ಕಳೆದ ವರ್ಷ ಖಾನಾಪುರ ತಾಲ್ಲೂಕಿನ ನಮ್ಮೂರು ಬೀಡಿಯಲ್ಲಿ ಕಾನೂನು ಅರಿವು ಶಿಬಿರ ಮಾಡಿದಿರಿ. ಭಾಷಣ ಮುಗಿಸಿ, ಕೇಳುವುದಿದ್ದರೆ ಕೇಳಿ ಎಂದಿರಿ. ಊರವರೆಲ್ಲ ನೆಲ ನೋಡುತ್ತ ಕುಳಿತಾಗ ಕೈ ಎತ್ತಿದವಳು ಮಕ್ಕಳಿಗೆ ಟ್ಯೂಷನ್ ಹೇಳುವ ನಾನೊಬ್ಬಳೇ. ಪೊಲೀಸರು ಮನೆಯವರನ್ನು ಹಿಡಿದೊಯ್ದರೆ, ವಕೀಲರಿಗೆ ಫೀ ಕೊಡಲಾಗದವರು ಏನು ಮಾಡಬೇಕು ಎಂದು ಕೇಳಿದೆ. ನೀವು ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಿರಿ.

"ತಂಗಿ, ಸೀದಾ ನನ್ನ ಕಚೇರಿಗಿ ಬಾ. ಬಂಧನದಾಗ ಇದ್ದವರ ಆದಾಯ ಎಷ್ಟಂತ ಕಾನೂನು ಕೇಳೂದಿಲ್ಲ. ವಕೀಲರನ್ನ ನಾವ ಕೊಡ್ತೀವಿ."

ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ನಮ್ಮವ್ವ ಅಕ್ಕವ್ವ ಎಷ್ಟೋ ದಿನ ಓಣಿಯ ತುಂಬ ನನ್ನ ಧೈರ್ಯ ಹೊಗಳಿಕೊಂಡು ತಿರುಗಿದಳು.

ಈ ಶ್ರಾವಣದಲ್ಲಿ ಆ ಪ್ರಶ್ನೆ ನಮ್ಮ ಮನೆಗೇ ಬಂತು. ಬಸವಪ್ರಸಾದ ಬೆಳಗಾವಿಯ ವಡಗಾವಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಅಲ್ಲಿ ಸೀರೆಗಳ ಗಂಟೊಂದು ಕಾಣೆಯಾಯಿತು. ಸೀರೆ ಇಡುವ ಕೋಣೆಯ ಕೀಲಿಕೈ ಇವನ ಬಳಿ ಇತ್ತು, ಹಿಡಿದೊಯ್ಯಲು ಅಷ್ಟೇ ಸಾಕಾಯಿತು. ಸೋದರಮಾವ ಬಾಳಾಸಾಹೇಬ, ಬೆಳಗಾವಿಯಲ್ಲಿ ಗುರುತಿನ ವಕೀಲರಿದ್ದಾರೆ, ಫೀ ತಾನೇ ನೋಡಿಕೊಳ್ಳುತ್ತೇನೆ ಎಂದ. ನಾನೇ ಬೇಡವೆಂದೆ. ಶಿಬಿರದ ಸಾಹೇಬರು ಊರೆದುರು ಮಾತು ಕೊಟ್ಟಿರುವಾಗ ಇನ್ನೊಬ್ಬರ ಹಂಗೇಕೆ ಎಂದು ಜಂಬದಿಂದಲೇ ಹೇಳಿದೆ. ಮಾವ ಮುನಿಸಿಕೊಂಡು ಹೋದವನು ಇಂದಿಗೂ ಫೋನ್ ಎತ್ತುತ್ತಿಲ್ಲ. ಠಾಣೆಯಲ್ಲಿ ಬಸವಪ್ರಸಾದನಿಗೂ ಅದೇ ಧೈರ್ಯ ಹೇಳಿ, ನಿಮ್ಮ ಕಚೇರಿಗೆ ಓಡಿಬಂದೆ.

ಅಲ್ಲಿ ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್ ಇತ್ತು. ಅದರಲ್ಲಿ ಕೈ ಎತ್ತಿ ನಿಂತವಳು ನಾನು! ಕೆಳಗೆ ದಪ್ಪಕ್ಷರದಲ್ಲಿ ನೀವು ಕೊಟ್ಟ ಉತ್ತರ. ಅದರಡಿಯ ಬೆಂಚಿನ ಮೇಲೆ ಕುಳಿತಿದ್ದ ನನ್ನನ್ನು ಕರೆದು ಗುಮಾಸ್ತರು ಆದಾಯ ಪ್ರಮಾಣಪತ್ರ ಕೇಳಿದರು. ನಾನು ಗೋಡೆ ತೋರಿಸಿದೆ. ಅವರು ಪೋಸ್ಟರ್ ನೋಡಿದರು, ನನ್ನ ಮುಖ ನೋಡಿದರು.

"ಅದು ನೀವ ಏನ್ರಿ? ಫೋಟೋ ಛಲೋ ಬಂದೈತ್ರಿ. ಆದ್ರ ಸರ್ಟಿಫಿಕೇಟ್ ಇಲ್ಲದ ಅರ್ಜಿ ತಗೊಳ್ಳಾಕ ಬರೂದಿಲ್ರಿ."

ಆ ಪತ್ರ ಕೈಸೇರಲು ವಾರಗಳೇ ಬೇಕು. ನಿಮಗಾಗಿ ಕಾದು ಕುಳಿತೆ. ಕೊನೆಗೆ ನೀವೇ ಹೊರಬಂದಿರಿ. ಬೀಡಿಯ ಶಿಬಿರ ನೆನಪಿಸಿದಾಗ ಗುರುತು ಹಿಡಿದಿರಿ, ನಕ್ಕಿರಿ ಕೂಡ. ಜೀಪಿನತ್ತ ನಡೆಯುತ್ತಲೇ ಹೇಳಿದಿರಿ: "ಶಿಬಿರದಾಗ ಹೇಳೂದ ಬ್ಯಾರೆ, ಕಚೇರಿ ನಡಿಯೂದ ಬ್ಯಾರೆ, ತಂಗಿ."

ಹಾಗಾದರೆ ಆ ದಿನ ನೀವು ಉತ್ತರ ಕೊಟ್ಟಿದ್ದು ಯಾರಿಗೆ? ನನಗೋ, ಕ್ಯಾಮರಾಕ್ಕೋ? ಕಾನೂನು ತಿಳಿಯದವರು ನನ್ನನ್ನು ತಿರುಗಿಸಿ ಕಳಿಸಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ನೀವು ಅದನ್ನು ನನಗೆ ಕಲಿಸಿದವರು. ನಿಮ್ಮ ಶಿಬಿರವೇ ನಡೆಯದಿದ್ದರೆ ನಾನು ಮಾವನ ಮಾತು ಕೇಳುತ್ತಿದ್ದೆ, ನನ್ನ ತಮ್ಮನಿಗೆ ಅಂದೇ ಒಬ್ಬ ವಕೀಲರು ಸಿಗುತ್ತಿದ್ದರು. ಅರಿವು ಮೂಡಿಸಿದ್ದಕ್ಕೆ ಧನ್ಯವಾದ ಹೇಳಲೇ?

ಮರುದಿನ ಅವನನ್ನು ಕೋರ್ಟಿಗೆ ತಂದರು. ನಿನ್ನ ವಕೀಲರು ಯಾರು ಎಂದು ನ್ಯಾಯಾಧೀಶರು ಕೇಳಿದರು. ಇಲ್ಲವೆಂದಿದ್ದರೆ ಕೋರ್ಟೇ ಯಾರನ್ನಾದರೂ ನೇಮಿಸುತ್ತಿತ್ತಂತೆ, ನಮಗದು ಆಮೇಲೆ ತಿಳಿಯಿತು. ಬಾಗಿಲ ಬಳಿ ನಿಂತ ನನ್ನನ್ನು ನೋಡಿ ಅವನು, "ನಮ್ಮಕ್ಕ ಕರಕೊಂಡ ಬರ್ತಾಳ್ರಿ" ಎಂದ. ನನ್ನ ಹಿಂದೆ ಯಾರೂ ಇರಲಿಲ್ಲ.

ನನಗೆ ನಿಮ್ಮ ಕ್ಷಮೆ ಬೇಡ. ನಾಳೆಯೇ ನಿಮ್ಮ ವಕೀಲರೊಬ್ಬರು ಜೈಲಿಗೆ ಹೋಗಿ ಅವನನ್ನು ಕಾಣಬೇಕು, ಜಾಮೀನು ಅರ್ಜಿ ಹಾಕಬೇಕು. ಮುಂದಿನ ವಾರ ಖಾನಾಪುರದಲ್ಲಿ ನಿಮ್ಮ ಶಿಬಿರವಂತೆ, ಕರಪತ್ರದ ಮೇಲೂ ನಾನೇ ಇದ್ದೇನೆ. ಬರುತ್ತೇನೆ. ಮೊದಲ ಸಾಲಿನಲ್ಲಿ ಕುಳಿತು, ಕೈ ಎತ್ತಿ, ಅದೇ ಪ್ರಶ್ನೆ ಕೇಳುತ್ತೇನೆ. ಅಂದು ನನ್ನ ಪಕ್ಕದಲ್ಲಿ ಬಸವಪ್ರಸಾದ ಕುಳಿತಿರಬೇಕು. ಇಲ್ಲದಿದ್ದರೆ ನೀವು ಜೀಪಿನ ಬಳಿ ಕೊಟ್ಟ ಉತ್ತರವನ್ನು ಮೈಕಿನಲ್ಲಿ ನಾನೇ ಹೇಳುತ್ತೇನೆ.

ಇಂತಿ,
ಕೈ ಇನ್ನೂ ಇಳಿಸದ,
ಬೀಡಿಯ ಸಮೃದ್ಧಿ